ಗಟ್ಟಿ ಗುಂಡಿಗೆ

ಕಡಬದ ಕಡೆ ಒಂದು ನಿಶ್ಚಿತಾರ್ಥಕ್ಕೆ ನಾನೂ ಅಕ್ಕನೂ ಸುಳ್ಯದಿಂದ ಬೆಳಿಗ್ಗೆಯೇ ಹೊರಟಿದ್ದೆವು. ಕಾರು ಬಿಡುತ್ತಿದ್ದವಳು ಅಕ್ಕ. ಒಂದು ತಿರುವು ದಾಟಿದ್ದೇ ರಬ್ಬರ್ ತೋಟದಿಂದ ಆನೆಯೊಂದು ರಸ್ತೆಗಿಳಿದು, ಕಿವಿ ಬಿಚ್ಚಿ ನಮ್ಮತ್ತ ಓಡಿ ಬಂತು. ಅಕ್ಕ ಕನ್ನಡಿ ನೋಡಿಕೊಂಡು, ಅಂಗಡಿಯ ಮುಂದಿನಿಂದ ತೆಗೆಯುವಷ್ಟೇ ನಿಧಾನವಾಗಿ ಕಾರನ್ನು ಹಿಂದಕ್ಕೆ ತೆಗೆದಳು. ಆನೆ ನಿಂತಿತು. ಮಣ್ಣೆರಚಿ ಆಚೆ ಬದಿಗೆ ಇಳಿದು ಹೋಯಿತು.

ಈಗಲೂ ಕಣ್ಣು ಮುಚ್ಚಿದರೆ ಆ ಕಿವಿಗಳೇ. ಅಂದು ನನ್ನ ಎದೆಬಡಿತ ಏರಿದ್ದಕ್ಕೆ, ಬಡಿತ ಎಣಿಸುವ ನನ್ನ ಕೈಗಡಿಯಾರ ಎಚ್ಚರಿಕೆ ಕೊಡುತ್ತಲೇ ಇತ್ತು. ಅದನ್ನು ಬಿಚ್ಚಿ ಅಕ್ಕನ ಕೈಗೆ ಕಟ್ಟಿದೆ. ಅವಳೂ ಹೆದರಿದ್ದಾಳೆಂದು ನನಗೆ ಖಾತ್ರಿಯಾಗಬೇಕಿತ್ತು. ಮನೆಯಲ್ಲಿ ಅಲಸಂಡೆ ಕಾಯಿ ಮುರಿಯುತ್ತ ಕೂತವಳದ್ದು ಎನ್ನುವಷ್ಟು ನಿಧಾನದ ಬಡಿತ ಕಂಡಿತು.

ನಿಶ್ಚಿತಾರ್ಥದ ಮನೆಯಲ್ಲಿ ಆನೆಯ ಕಥೆ ಕೇಳಿದ ಮೇಲೆ ಎಲ್ಲರಿಗೂ ಅಕ್ಕನೇ ಬೇಕು. "ನಿನ್ನ ಗುಂಡಿಗೆ ಗಟ್ಟಿ ಮಾರಾಯ್ತಿ," ಎಂದರು ಅತ್ತೆ. ನಾನು ಮತ್ತೆ ಮತ್ತೆ ಬಾಗಿಲ ಕಡೆ ತಿರುಗುವುದನ್ನು ನೋಡಿ, "ಇವಳ ಆನೆ ಇನ್ನೂ ಹೋಗ್ಲಿಲ್ಲ," ಎಂದರು. ಎಲ್ಲರೂ ನಕ್ಕರು. ಒಂದೇ ತಾಯಿಯ ಮಕ್ಕಳು, ಅವಳಿಗೆ ಅಂಥ ಗುಂಡಿಗೆ, ನನಗೆ ಇಂಥದ್ದು. ಹೊಟ್ಟೆ ಉರಿಯುತ್ತಿತ್ತು.

ಮುಂದಿನ ವಾರ ಅಕ್ಕನ ಸಕ್ಕರೆ ಕಾಯಿಲೆಯ ತಪಾಸಣೆಗೆ ಪುತ್ತೂರಿಗೆ ಜೊತೆಯಲ್ಲಿ ಹೋದೆ. ಅವಳಿಗೆ ಅದು ಬಹಳ ವರ್ಷಗಳ ಕಾಯಿಲೆ. ದೂರು ಹೇಳುವವಳ ಹಾಗೆ ಡಾಕ್ಟರಿಗೆ ಆನೆಯ, ಗಡಿಯಾರದ ಕಥೆ ಹೇಳಿದೆ. ಅವರು ನಗಲಿಲ್ಲ.

"ಮೆಟ್ಟಿಲು ಹತ್ತುವಾಗ ಸುಸ್ತಾಗ್ತದಾ?" ಎಂದು ಅಕ್ಕನನ್ನು ಕೇಳಿದರು.

"ಆಗ್ತದೆ. ಪ್ರಾಯ ಆಯ್ತಲ್ಲ."

ಅವಳನ್ನು ಮಲಗಿಸಿ, ಎಬ್ಬಿಸಿ ನಿಲ್ಲಿಸಿ ಬಡಿತ ನೋಡಿದರು. "ಹೆದರಿದಾಗ ನರಗಳೂ ಅಡ್ರಿನಲಿನ್ನೂ ಹೃದಯಕ್ಕೆ ಓಡು ಅಂತವೆ. ಸಕ್ಕರೆ ತುಂಬ ವರ್ಷ ಇದ್ರೆ ನರಗಳು ಸೋಲ್ತವೆ, ಹೃದಯಕ್ಕೂ ಆ ಮಾತು ಸರಿಯಾಗಿ ಕೇಳುದಿಲ್ಲ. ನಿಮ್ಮ ಧೈರ್ಯ ಬೇರೆ, ಇದು ಬೇರೆ. ಹಾರ್ಟ್ ಎಟಾಕ್ ಆದ್ರೂ ನೋವು ಗೊತ್ತಾಗ್ಲಿಕ್ಕಿಲ್ಲ. ಹೃದಯದ ಪರೀಕ್ಷೆ ಮಾಡಿಸುವ."

ವಾಪಸು ಬರುವಾಗ ಅಕ್ಕ ಡಾಕ್ಟರ ಚೀಟಿ ಮಡಚಿ ಚೀಲಕ್ಕೆ ಹಾಕಿದಳು. ಆಮೇಲೆ, "ಈಗ ಸಮಾಧಾನವಾ ನಿನಗೆ?" ಎಂದಳು.

"ಎಂತ ಸಮಾಧಾನ?"

"ಸಣ್ಣದಿರುವಾಗಿಂದ ನಿನಗೆ ನನ್ನ ಮೇಲೆ ಹೊಟ್ಟೆಕಿಚ್ಚು. ನನಗೆ ಗೊತ್ತುಂಟು. ಇನ್ನು ನನ್ನ ಸರದಿ." ನನ್ನ ಗಡಿಯಾರದತ್ತ ಕಣ್ಣು ಹಾಯಿಸಿದಳು. "ಆನೆ ಬಂದ್ರೆ ನಿನ್ನ ಎದೆಗಾದ್ರೂ ಗೊತ್ತಾಗ್ತದೆ."

ಮನೆಯ ಮೆಟ್ಟಿಲು ಹತ್ತುವಾಗ ಅವಳಿಗಾಗಿ ನಿಧಾನ ಮಾಡಿದೆ. ಅದೂ ಅವಳಿಗೆ ಸೇರಲಿಲ್ಲ.

"ನಿನಗೆ ಓಡ್ಲಿಕ್ಕೆ ಆಗ್ತದಲ್ಲ. ಓಡು," ಎಂದು ಅರ್ಧದಲ್ಲೇ ಕುಳಿತಳು. ನಾನೂ ಅವಳ ಪಕ್ಕ ಕುಳಿತೆ. ನನ್ನ ಎದೆ ಮಾತ್ರ ಓಡುತ್ತಿತ್ತು.