ಬಲಗಡೆಯಿಂದ ತೆರೆದ ಪುಸ್ತಕ

ಬೇಕಾದರೆ ಪರೀಕ್ಷಿಸಿ ನೋಡಿ: ಯಾರ ನೋಟುಪುಸ್ತಕವೇ ಇರಲಿ, ಅದರ ಯಜಮಾನನ ನಿಜಸ್ವರೂಪ ಸಿಗುವುದು ಕೊನೆಯ ಪುಟಗಳಲ್ಲಿ. ನನ್ನದಂತೂ ಮುಂದಿನಿಂದ ನೋಡಿದರೆ ಗರಿಗರಿ, ಹಿಂದಿನಿಂದ ನೋಡಿದರೆ ದಿನಾ ಹಿಂಡಿದ ಟವೆಲ್ಲು. ಮುಂದೆ ಕಾದಂಬರಿ, ಹಿಂದೆ ‘ಹೊಸ ವಸ್ತುಗಳು’. ಬರೆಯುವಾಗ ನಡುವೆ ಸುಳಿಯುವ ಕಥೆಗಳನ್ನೆಲ್ಲ ಹಿಂದೆ ಕೂಡಿಹಾಕಿ ಮುಂದಿನದನ್ನು ನಿರ್ವಿಘ್ನವಾಗಿ ಮುಗಿಸಲೆಂದು, ಅಂದರೆ ಏಕಾಗ್ರತೆಗೆಂದೇ ನಾನು ಮಾಡಿಕೊಂಡ ವ್ಯವಸ್ಥೆಯಿದು. ಆರು ವರ್ಷಗಳಲ್ಲಿ ಮುಂದೆ ಹನ್ನೊಂದು ಪುಟವಾಗಿದೆ. ಹಿಂದಿನವು ನಡುವಿನ ಪಿನ್ನು ದಾಟಿ ಬಂದಿವೆ. ಹುಮನಾಬಾದಿನ ನಮ್ಮ ಮನೆಯಲ್ಲಿ ಹೆಂಡತಿ ನನಗೆ ದಯಪಾಲಿಸಿರುವ ಬಿರುದು ‘ಹಿಂಬಾಗಿಲ ಸಾಹಿತಿ’.

ಕಾದಂಬರಿ ಬಸವಕಲ್ಯಾಣದ ಖಲೀಲ್ ಮಾಸ್ತರರ ಬದುಕಿನದು. ಉರ್ದು ಶಾಲೆಯಲ್ಲಿ ಆಯುಷ್ಯ ಸವೆಸಿದವರು; ಶಾಲೆಗೆ ಕರಿಹಲಗೆ ಬರಲಿಲ್ಲವೆಂದು ಹುಮನಾಬಾದಿನಿಂದ ತಾವೇ ತಲೆಯ ಮೇಲೆ ಹೊತ್ತು ನಡೆದು ತಂದವರು. ಅದನ್ನು ಕೇಳಿದ ದಿನ ನಾನು ಕಣ್ಣೊರೆಸಿಕೊಂಡು, “ಇದನ್ನ ನಾನ ಬರೀತೀನ್ರಿ” ಎಂದು ಮಾತು ಕೊಟ್ಟೆ. ಪಾಪ, ಮುದುಕರು ನಂಬಿಬಿಟ್ಟರು! ಅವರಿಗೆ ಕನ್ನಡದ ಮಾತು ಬರುತ್ತಿತ್ತು, ಅಕ್ಷರ ಬರುತ್ತಿರಲಿಲ್ಲ. ತಮ್ಮ ಪುಸ್ತಕವನ್ನು ತಾವೇ ಓದಬೇಕೆಂದು, ಎಂಬತ್ತರ ಹೊಸ್ತಿಲಲ್ಲಿ, ಒಂದು ಕಣ್ಣಿಗೆ ಪೊರೆ ಕಟ್ಟಿರುವಾಗ, ಅಂಕಲಿಪಿ ಹಿಡಿದು ಕೂತರು.

ನಾನೇನು ಮಾಡಿದೆ? ಅವರನ್ನು ಕಾಣಲು ಹೊರಟ ಬಸ್ಸು ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ತೆವಳಿದರೆ ಹಿಂದಿನ ಪುಟಕ್ಕೆ ಆ ಟ್ರ್ಯಾಕ್ಟರ್ ಡ್ರೈವರನ ಪ್ರೇಮಪ್ರಕರಣ. ಚಿಟಗುಪ್ಪದ ಸಂತೆಯಲ್ಲಿ ಬಳೆ ತೊಡದೆ ಎದ್ದುಹೋದ ಹೆಂಗಸಿನ ರಹಸ್ಯ. ಹೊಸ ಕಥೆಯ ಸುಖವೇ ಅದು, ಅದಕ್ಕಿನ್ನೂ ನನ್ನ ಅಸಾಮರ್ಥ್ಯದ ಪರಿಚಯವಾಗಿರುವುದಿಲ್ಲ.

“ಸರ್, ನನ್ನ ಕಿತಾಬ್ ಎಲ್ಲಿಗಿ ಬಂತ್ರಿ? ಈ ಕಣ್ಣೂ ಮಂಜ ಆಗಾಕತ್ತದ,” ಎನ್ನುವರು ಮಾಸ್ತರರು.

“ಚಾಲೂ ಅದ ರೀ,” ಎನ್ನುವೆ ನಾನು.

ನಮ್ಮ ಕಡೆ ಇದೊಂದು ಮಾಯಾವಿ ಶಬ್ದ. ಕೆಲಸ ನಡೆದಿದ್ದರೂ ಚಾಲೂ, ಮನುಷ್ಯ ಕಿಲಾಡಿಯಾದರೂ ಚಾಲೂ. ಯಾವ ಅರ್ಥದಲ್ಲಿ ಎಂದು ಆ ಸಭ್ಯರು ಒಮ್ಮೆಯೂ ಕೇಳಲಿಲ್ಲ.

ಕಳೆದ ಭಾನುವಾರ ಅವರ ಮನೆಯಲ್ಲಿ ನೋಟುಪುಸ್ತಕವನ್ನು ಮಂಚದ ಮೇಲಿಟ್ಟು ಕೈಕಾಲು ತೊಳೆಯಲು ಹೋದೆ. ಬರುವಷ್ಟರಲ್ಲಿ ಮಾಸ್ತರರು ಅದನ್ನು ತೆರೆದಿದ್ದರು, ಉರ್ದು ಓದಿದವರ ಜೀವಮಾನದ ಅಭ್ಯಾಸದಂತೆ ಬಲಗಡೆಯಿಂದ. ಅಂದರೆ ಕೊನೆಯ ಪುಟ, ಸರ್ವೋತ್ತಮ ವಸ್ತುಗಳಿಗೆಂದೇ ನಾನು ಮೀಸಲಿಟ್ಟದ್ದು. ಬೆರಳಿಟ್ಟು, ಒತ್ತಕ್ಷರಗಳಲ್ಲಿ ಎಡವುತ್ತ, ಗಟ್ಟಿಯಾಗಿ ಓದುತ್ತಿದ್ದರು: “ತನ್ನ ಕಥೆ ಪುಸ್ತಕವಾಗಲೆಂದು ಕಾಯುತ್ತಲೇ ಸಾಯುವ ಮುದುಕ. ಕರುಣಾಜನಕ. ಬೇಗ ಬರೆಯಬೇಕು.”

ಅವರು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಕನ್ನಡಕ ಒರೆಸಿಕೊಂಡು, ವ್ಯಂಗ್ಯದ ಎಳೆಯೂ ಇಲ್ಲದೆ ಕೇಳಿದರು: “ಇದು ಛಲೋ ಅದ ರೀ. ಇದನ್ನರ ಮುಗಸ್ತೀರಲ್ರಿ?”

ಹುಮನಾಬಾದಿಗೆ ಬಂದವನೇ ಸಿಟ್ಟಿನಿಂದ ಆ ಹಾಳೆಯನ್ನು ಕಿತ್ತೆ. ನಡುವೆ ಪಿನ್ನು ಹೊಡೆದ ಪುಸ್ತಕವಲ್ಲವೇ, ಕೊನೆಯ ಹಾಳೆಯ ಇನ್ನರ್ಧವೇ ಮೊದಲ ಹಾಳೆ. ಅದೂ ಸಡಿಲಾಗಿ ಮಡಿಲಿಗೆ ಬಿತ್ತು. ಆರು ವರ್ಷಗಳ ಹಿಂದೆ ತಿದ್ದಿ ತೀಡಿ ಬರೆದ ಕಾದಂಬರಿಯ ಮೊದಲ ವಾಕ್ಯ, ಇನ್ನೂ ಗರಿಗರಿಯಾದ ಕಾಗದದ ಮೇಲೆ: ‘ಮಾಸ್ತರರು ಯಾರಿಗೂ ಎಂದೂ ಅವಸರ ಮಾಡಿದವರಲ್ಲ.’