ಕಡೇ ಬೆಂಚಿನ ಕುಂದರಗಿ ಸರ್

ಐವತ್ತೆಂಟು ದಾಟಿದ, ಮುಂದಲೆ ಪೂರಾ ಬೋಳಾದ, ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದ ಮನುಷ್ಯನೊಬ್ಬ ಏಳನೇ ತರಗತಿಯ ಕಡೇ ಬೆಂಚಿನಲ್ಲಿ ಕಾಲು ಮಡಚಲಾಗದೆ ಪಕ್ಕಕ್ಕೆ ಚಾಚಿ ಕೂತು, ಕಿರುಬೆರಳು ಎತ್ತಿ, "ಅಕ್ಕೋರ, ಒಂದಕ್ಕ ಹೋಗಿ ಬರ್ಲೇನ್ರಿ?" ಎಂದು ಕೇಳುವುದನ್ನು ನೀವು ನೋಡಿರಲಿಕ್ಕಿಲ್ಲ. ನಾನು ನೋಡಿದ್ದೇನೆ. ಹಲಗೆಯ ಮುಂದೆ ಚಾಕ್‌ಪೀಸ್ ಹಿಡಿದು ಬೆವರುತ್ತಿದ್ದ ಆ ಅಕ್ಕೋರು ನಾನೇ.

ಕುಂದರಗಿ ಸರ್ ಬಾಗಲಕೋಟೆಯ ವಿದ್ಯಾಗಿರಿಯಲ್ಲಿದ್ದ ನಮ್ಮ ಕಾಲೇಜಿನಲ್ಲಿ, ವಿಜ್ಞಾನ ಮತ್ತು ಗಣಿತವನ್ನು ಮಕ್ಕಳಿಗೆ ಕಲಿಸುವುದು ಹೇಗೆ ಎಂಬುದನ್ನು ಕಲಿಸುತ್ತಿದ್ದರು. ಶಿಕ್ಷಕರಾಗಲು ಓದುತ್ತಿದ್ದ ನಾವು ಸುತ್ತಲಿನ ಶಾಲೆಗಳಿಗೆ ಹೋಗಿ ಅಭ್ಯಾಸಪಾಠ ಮಾಡುವಾಗ ಉಳಿದ ಪ್ರಾಧ್ಯಾಪಕರು ಮೂಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಗಂಭೀರವಾಗಿ ಅಂಕ ಹಾಕುತ್ತಿದ್ದರು. ಇವರು ಮಾತ್ರ ನೆಟ್ಟಗೆ ಕಡೇ ಬೆಂಚಿಗೆ ಹೋಗಿ, ಮಕ್ಕಳನ್ನು ಸರಿಸಿ ಜಾಗ ಮಾಡಿಕೊಂಡು, "ನನ್ನ ಹೆಸರು ಬಸ್ಯಾ" ಎಂದು ಅವರಿಗೆ ಪರಿಚಯ ಹೇಳಿಕೊಳ್ಳುತ್ತಿದ್ದರು. ಬಸ್ಯಾ ವರ್ಷಾವರ್ಷ ನಪಾಸಾಗುವವನು. ಅವನಿಗೆ ಏನೂ ತಿಳಿಯುವುದಿಲ್ಲ, ತಿಳಿಯದಿದ್ದರೆ ಸುಮ್ಮನೆ ಕೂರುವುದೂ ಇಲ್ಲ. ನಮ್ಮ ಕಾಲೇಜಿನಲ್ಲಿ ಪರೀಕ್ಷೆಗಿಂತ ಬಸ್ಯಾನಿಗೆ ಹೆದರುವವರು ಹೆಚ್ಚಿದ್ದರು.

ಸರ್‌ ಅವರ ಅಂಗಿಯ ಜೇಬು ಯಾವಾಗಲೂ ಜೋತುಬಿದ್ದಿರುತ್ತಿತ್ತು. ಅದರಲ್ಲಿ ಎರಡು ಅಯಸ್ಕಾಂತ, ಒಂದು ಭೂತಗನ್ನಡಿ, ನಾಲ್ಕೈದು ಗೋಲಿ, ಊದದ ಒಂದು ಬಲೂನು. ಪಾಠ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಜೇಬಿಗೆ ಕೈ ಹೋಗುತ್ತಿತ್ತು. ನಮ್ಮ ಬರಹದಲ್ಲಿ "ಆದ್ದರಿಂದ" ಎಂಬ ಪದ ಕಂಡರೆ ಕೆಂಪು ಪೆನ್ನಿನಿಂದ ಸುತ್ತು ಹಾಕುತ್ತಿದ್ದರು. "ಆದ್ದರಿಂದ ಅಂತ ಬರದಿ ಅಂದ್ರ, ನಡುವ ಏನೋ ನಿನಗ ತಿಳಿದಿಲ್ಲ, ಅದನ್ನ ಮುಚ್ಚಾಕತ್ತಿ ಅಂತ ಅರ್ಥ" ಎನ್ನುತ್ತಿದ್ದರು. ಹತ್ತರಲ್ಲಿ ಒಂಬತ್ತು ಸಲ ಅದು ನಿಜವೇ ಆಗಿರುತ್ತಿತ್ತು.

ನಾನು ಅವರ ಕೈಗೆ ಸಿಕ್ಕಿದ್ದು ಒಂದು ಅರ್ಜಿಯಿಂದ. ಹುನಗುಂದದಲ್ಲಿ ಪಿಯುಸಿ ಸೈನ್ಸ್ ಮುಗಿಸಿ ಮನೆಯಲ್ಲಿ ಕೂತಿದ್ದೆ. ಅಪ್ಪ ಸರಕಿನ ಟೆಂಪೊ ಓಡಿಸುತ್ತಿದ್ದ. ಮುಂದೆ ಓದಿಸುವ ಆಸೆ ಅವನಿಗಿತ್ತು, ದಾರಿ ಗೊತ್ತಿರಲಿಲ್ಲ. ಅತ್ತೆ ಆಗಲೇ ಮೊಬೈಲಿನಲ್ಲಿ ಹುಡುಗರ ಫೋಟೊ ತೋರಿಸಲು ಶುರು ಮಾಡಿದ್ದಳು. ಅಷ್ಟರಲ್ಲಿ ಅಂಕಪಟ್ಟಿ ತರಲು ಹೋದಾಗ ಪಿಯು ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ವಿದ್ಯಾಗಿರಿಯ ಕಾಲೇಜಿನ ಒಂದು ಕಾಗದ ಕಂಡಿತು: ನಾಲ್ಕು ವರ್ಷಗಳಲ್ಲಿ ಬಿಎಸ್ಸಿ, ಬಿಎಡ್ ಎರಡೂ ಒಟ್ಟಿಗೆ, ಆಯ್ಕೆಯಾದವರಿಗೆ ಫೀ, ಹಾಸ್ಟೆಲ್, ಊಟ ಎಲ್ಲ ವಿದ್ಯಾರ್ಥಿವೇತನದಿಂದ. ಶರತ್ತು ಎರಡೇ. ಯಾವ ಸೆಮಿಸ್ಟರಿನಲ್ಲೂ ಅಂಕ ಕುಸಿಯಬಾರದು, ಓದು ಮುಗಿದ ಮೇಲೆ ಮೂರು ವರ್ಷ ನಮ್ಮ ಜಿಲ್ಲೆಯ ಶಾಲೆಯಲ್ಲೇ ಕಲಿಸಬೇಕು. ಅತ್ತೆಯ ಮೊಬೈಲಿಗೆ ಹೋಲಿಸಿದರೆ ಇವು ಶರತ್ತುಗಳೇ ಅಲ್ಲ ಅನ್ನಿಸಿತು.

ಸಂದರ್ಶನಕ್ಕೆ ರಾತ್ರಿಹಗಲು ಸೂತ್ರ ಬಾಯಿಪಾಠ ಮಾಡಿಕೊಂಡು ಹೋದೆ. ಮೂವರು ಕೂತಿದ್ದರು. ನಡುವಿನವರು ಜೇಬಿನಿಂದ ಗೋಲಿ ತೆಗೆದು ಮೇಜಿನ ಮೇಲೆ ಉರುಳಿಸುತ್ತ ಕೇಳಿದರು:

"ಕುಕ್ಕರ್ ಒಳಗ ಬ್ಯಾಳಿ ಲಗೂನ ಯಾಕ ಕುದೀತೈತಿ?"

ನಾನು ಒಂದೇ ಉಸಿರಿನಲ್ಲಿ ಒತ್ತಡ, ಕುದಿಬಿಂದು ಎಲ್ಲ ಒಪ್ಪಿಸಿದೆ.

"ಛಲೋ. ಇದನ್ನ ನಿಮ್ಮ ಅಜ್ಜಿಗೆ ತಿಳಿಯೂವಂಗ ಹೇಳು."

ಅಜ್ಜಿಯ ಮುಖ ಕಣ್ಣಮುಂದೆ ಬಂತು. ಕುದಿಬಿಂದು ಎಂದರೆ ಅವಳು ಏನೆನ್ನುತ್ತಾಳೆ ಎಂಬುದೂ ಬಂತು. ಕಡೆಗೆ ಹೇಳಿದೆ: "ನಮ್ಮಜ್ಜಿಗೆ ನಾ ಏನ್ ಹೇಳ್ಲಿರಿ ಸರ? ಮುಚ್ಚಳ ಸಡ್ಲ್ ಇದ್ರ ಬ್ಯಾಳಿ ಕುದಿಯಂಗಿಲ್ಲ ಅಂತ ನನಗ ಹೇಳಿಕೊಟ್ಟಾಕಿನ ಆಕಿ."

ಗೋಲಿ ಉರುಳುವುದು ನಿಂತಿತು. ಅವರು ಎಡಬಲಕ್ಕೆ ನೋಡಿ, "ಅಜ್ಜಿಗೆ ಸೀಟ್ ಕೊಡೂಣ, ಆದ್ರ ವಯಸ್ಸ್ ಮೀರೇತಿ. ಇಕಿನ್ನ ತಗೊಳ್ರಿ" ಅಂದರು. ಹಾಗೆ ನಮ್ಮಜ್ಜಿಯ ಬದಲಿಗೆ ನಾನು ಆಯ್ಕೆಯಾದೆ.

ಎರಡನೇ ವರ್ಷ ನಮ್ಮನ್ನೆಲ್ಲ ಬಾದಾಮಿಗೆ ಕರೆದುಕೊಂಡು ಹೋದರು. ಗುಹೆ ನೋಡಲಿಕ್ಕಲ್ಲ, ಶಬ್ದದ ವೇಗ ಅಳೆಯಲಿಕ್ಕೆ. ಕೆಂಪು ಬಂಡೆಯ ಎದುರು ದೂರದಲ್ಲಿ ನಿಂತು ಚಪ್ಪಾಳೆ ಹೊಡೆದರೆ ಪ್ರತಿಧ್ವನಿ ಬರುತ್ತದೆ. ಪ್ರತಿಧ್ವನಿ ಬಂದ ಕ್ಷಣಕ್ಕೇ ಮುಂದಿನ ಚಪ್ಪಾಳೆ ಹೊಡೆಯುತ್ತ ಹೋಗಬೇಕು. ಇಪ್ಪತ್ತು ಚಪ್ಪಾಳೆಗೆ ಎಷ್ಟು ಹೊತ್ತಾಯಿತು ಎಂದು ನೋಡಿದರೆ, ಸದ್ದು ಬಂಡೆಗೆ ಹೋಗಿ ಬರಲು ಹಿಡಿದ ಸಮಯ ಸಿಗುತ್ತದೆ. ನಾವು ಮುಂಜಾನೆಯೆಲ್ಲ ಭಜನೆಯವರಂತೆ ಚಪ್ಪಾಳೆ ತಟ್ಟಿದೆವು. ಪ್ರವಾಸಿಗರು ನಿಂತು ನೋಡಿದರು. ಒಬ್ಬ ಅಜ್ಜ ಕೈಮುಗಿದೂ ಹೋದ.

ನಮ್ಮ ತಂಡದ ಅಳತೆಗಳೆಲ್ಲ ಒಂದೇ ನೋಟ್‌ಬುಕ್ಕಿನಲ್ಲಿದ್ದವು. ನೋಟ್‌ಬುಕ್ ನನ್ನ ಚೀಲದಲ್ಲಿತ್ತು. ಚೀಲದಲ್ಲಿ ಶೇಂಗಾ ಹೋಳಿಗೆಯೂ ಇತ್ತು. ಬಾದಾಮಿಯ ಮಂಗಗಳಿಗೆ ಇಷ್ಟು ವಿವರ ಸಾಕು. ಒಂದು ದೊಡ್ಡ ಮಂಗ ಚೀಲ ಕಸಿದು ಬಂಡೆಯ ಮೇಲೇರಿ ಕೂತಿತು. ಮೊದಲು ಹೋಳಿಗೆ ತಿಂದಿತು. ಆಮೇಲೆ ನೋಟ್‌ಬುಕ್ ತೆರೆದು ಒಂದೊಂದೇ ಹಾಳೆ ತಿರುವಿ ಹರಿಯತೊಡಗಿತು. ನಾವು ಕೂಗಾಡುತ್ತಿದ್ದರೆ ಸರ್ ಸೊಂಟಕ್ಕೆ ಕೈಯಿಟ್ಟು ಮೆಚ್ಚುಗೆಯಿಂದ ನೋಡುತ್ತಿದ್ದರು.

"ನೋಡ್ರಿ ಎಷ್ಟು ಮನಸ್ಸಿಟ್ಟು ಓದಾಕತ್ತೈತಿ! ನಿಮ್ಮೊಳಗ ಒಬ್ಬರರ ಹಿಂಗ ಓದೀರೇನು?"

ಮತ್ತೆ ಅಳೆಯಲು ಹೊತ್ತಿರಲಿಲ್ಲ, ಬಸ್ಸು ಹೊರಟು ನಿಂತಿತ್ತು. ಸರ್ "ವರದಿ ಬರದು ತರ್ರಿ" ಎಂದಷ್ಟೇ ಹೇಳಿದರು. ಆ ವರದಿಯ ಅಂಕ ಸೆಮಿಸ್ಟರಿಗೆ ಸೇರುವುದಿತ್ತು. ನಾನು ಹಾಸ್ಟೆಲಿನಲ್ಲಿ ಕೂತು, ಪುಸ್ತಕದ ಉತ್ತರದಿಂದ ಹಿಮ್ಮುಖವಾಗಿ ಲೆಕ್ಕ ಮಾಡಿ, ಅಂದದ ಅಳತೆಗಳನ್ನು ಸೃಷ್ಟಿಸಿದೆ. ಉತ್ತರ ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಬಂತು. ಗ್ರಾಫನ್ನೂ ಬರೆದೆ, ಬಣ್ಣದ ಪೆನ್ನಿನಲ್ಲಿ.

ಮರುದಿನ ಸರ್ ನನ್ನ ವರದಿಯನ್ನು ತರಗತಿಯ ಮುಂದೆ ಎತ್ತಿ ಹಿಡಿದರು. ಹೊಗಳಿಕೆಗೆ ಸಿದ್ಧಳಾಗಿ ಕೂತೆ.

"ಸವಿತಾ, ಅಳತಿ ಎಲ್ಲಾ ಮಂಗ್ಯಾನ ಕಡೆ ಅದಾವು. ನಿನಗ ಎಲ್ಲಿಂದ ಬಂದುವು? ಮತ್ತ ಬಾದಾಮಿಗೆ ಹೋಗಿ ಭೆಟ್ಟಿ ಆಗಿದ್ದೇನು?"

ತರಗತಿ ಬಿದ್ದು ಬಿದ್ದು ನಕ್ಕಿತು. ನನಗೆ ಸೊನ್ನೆ. ನಮ್ಮದೇ ತಂಡದ ಮಲ್ಲಪ್ಪ ಒಂದೇ ಸಾಲು ಬರೆದಿದ್ದ: "ಅಳತೆಗಳು ಮಂಗನ ವಶದಲ್ಲಿರುವುದರಿಂದ ಲೆಕ್ಕ ಮಾಡಲು ಬಂದಿಲ್ಲ." ಅವನಿಗೆ ಪೂರ್ತಿ ಅಂಕ.

ನಗು ಮುಗಿದ ಮೇಲೆ ಪುಸ್ತಕದ ಹಿಂಬದಿಯಲ್ಲಿ ಅಂಕ ಕೂಡಿಸಿ ನೋಡಿದೆ. ಆ ಸೊನ್ನೆ ಉಳಿದರೆ ಸೆಮಿಸ್ಟರಿನ ಅಂಕ ಕುಸಿಯುತ್ತಿತ್ತು. ಅಂಕ ಕುಸಿದರೆ ವಿದ್ಯಾರ್ಥಿವೇತನ ನಿಲ್ಲುತ್ತಿತ್ತು, ನಿಂತರೆ ಹುನಗುಂದದ ಬಸ್ಸು, ಅತ್ತೆಯ ಮೊಬೈಲು. ಸ್ಟಾಫ್‌ರೂಮಿಗೆ ಹೋಗಿ ಅಳುತ್ತ ನಿಂತೆ. ಸರ್ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ.

"ಬಂಡೆಗಲ್ಲು ಎಲ್ಲಿಗೂ ಹೋಗಿಲ್ಲವಾ, ಅಲ್ಲೇ ಐತಿ. ರವಿವಾರ ಹೋಗಿ ಅಳದು ಬಾ. ಊಟ ಮಾಡಿ ಹೋಗು, ಚೀಲದಾಗ ಏನೂ ಒಯ್ಯಬ್ಯಾಡ."

ರೂಮಿನ ಗೆಳತಿಯನ್ನು ಕರೆದುಕೊಂಡು ಹೋದೆ. ಅಂಗೈ ಕೆಂಪಾಗುವವರೆಗೆ ಚಪ್ಪಾಳೆ ಹೊಡೆದು, ಟೇಪು ಹಿಡಿದು ದೂರ ಅಳೆದು ಲೆಕ್ಕ ಮಾಡಿದರೆ ಸೆಕೆಂಡಿಗೆ ಮುನ್ನೂರಾ ಐವತ್ತೆಂಟು ಮೀಟರ್ ಬಂತು. ಪುಸ್ತಕದಲ್ಲಿರುವುದು ಮುನ್ನೂರಾ ನಲವತ್ತರ ಆಸುಪಾಸು. ತಿದ್ದಿಬಿಡಲು ಕೈ ತುರಿಸಿತು. ತಿದ್ದದೆ ಒಯ್ದು ಕೊಟ್ಟೆ.

ಸರ್ ಅದನ್ನು ಹೋಳಿಗೆ ಸಿಕ್ಕ ಮಂಗನಂತೆಯೇ ಸಂತೋಷದಿಂದ ನೋಡಿದರು. "ಬಾದಾಮ್ಯಾಗ ಸಪ್ಪಳ ಸ್ವಲ್ಪ ಜೋರ ಓಡತೈತೇನು? ಇರಲಿ. ಕೈ ಮುಂದ ಮಾಡು. ಬೆರಳು ಎಷ್ಟು?"

"ಐದ್ರಿ."

"ಬೆರಳಿನ ನಡುವ ಸಂದಿ ಎಷ್ಟು?"

"ನಾಲ್ಕ..." ಎನ್ನುವಷ್ಟರಲ್ಲಿ ನನಗೆ ಹೊಳೆಯಿತು. ಇಪ್ಪತ್ತು ಚಪ್ಪಾಳೆಗಳ ನಡುವೆ ಇರುವ ಬಿಡುವು ಹತ್ತೊಂಬತ್ತೇ. ನಾನು ಇಪ್ಪತ್ತರಿಂದ ಭಾಗಿಸಿದ್ದೆ. ಅಲ್ಲೇ ನಿಂತು ತಿದ್ದಿ ಲೆಕ್ಕ ಮಾಡಿದೆ. ಮುನ್ನೂರಾ ನಲವತ್ತು. ಆ ಅಂಕಿಯನ್ನು ನಾನು ಹತ್ತಾರು ಸಲ ಓದಿದ್ದೆ. ನನ್ನದು ಅನ್ನಿಸಿದ್ದು ಅವತ್ತೇ. ಸರ್ ಸೊನ್ನೆಯನ್ನು ಹೊಡೆದು ಹಾಕಿ ಹೊಸ ಅಂಕ ಬರೆದರು. ಎಷ್ಟೆಂದು ತೋರಿಸಲಿಲ್ಲ. ಆದರೆ ವಿದ್ಯಾರ್ಥಿವೇತನ ಉಳಿಯಿತು.

ಮೂರನೇ ವರ್ಷ ಕೆರೂರಿನ ಶಾಲೆಯಲ್ಲಿ ನನ್ನ ಮೊದಲ ಅಭ್ಯಾಸಪಾಠ. ಗಣಿತ, ಋಣಸಂಖ್ಯೆಗಳ ಗುಣಾಕಾರ. ಒಂದಕ್ಕೆ ಕೇಳಿದ ಬಸ್ಯಾನನ್ನು "ಪಾಠ ಮುಗಿದ ಮ್ಯಾಲೆ" ಎಂದು ಕೂರಿಸಿದೆ. ನನ್ನ ಧೈರ್ಯಕ್ಕೆ ನಾನೇ ಬೆರಗಾದೆ. ಹಲಗೆಯ ಮೇಲೆ ಮೈನಸ್ ಇಂಟು ಮೈನಸ್ ಪ್ಲಸ್ ಎಂದು ಬರೆದು, ಅಡಿಗೆರೆ ಎಳೆದು ತಿರುಗಿದೆ. ಬಸ್ಯಾ ಎದ್ದು ನಿಂತಿದ್ದ.

"ಯಾಕ್ರಿ ಅಕ್ಕೋರ?"

"ಅದು ನಿಯಮ."

"ಯಾರ ಮಾಡಿದ್ ನಿಯಮ ರೀ? ಎರಡು ಕೆಟ್ಟದ್ದು ಕೂಡಿದ್ರ ಒಂದು ಛಲೋ ಆಕ್ಕೈತೇನ್ರಿ? ನಾನೂ ನಮ್ಮ ತಮ್ಮನೂ ಕೂಡಿದ್ರ ನಮ್ಮವ್ವ ಹಂಗ ಅನ್ನಂಗಿಲ್ರಿ!"

ಇಡೀ ತರಗತಿ ಬಸ್ಯಾನ ಪಕ್ಷಕ್ಕೆ ಹೋಯಿತು. "ಹೌದ್ರಿ, ಯಾಕ್ರಿ?" ಎಂದು ಮಕ್ಕಳೆಲ್ಲ ಕೇಳತೊಡಗಿದರು. ನಾನು ಪುಸ್ತಕ ನೋಡಿದೆ, ಹಲಗೆ ನೋಡಿದೆ. ಮಂಗನ ವಿಷಯದಲ್ಲಿ ಆದ ಅವಮಾನ ನೆನಪಾಯಿತು. ಸುಳ್ಳೊಂದು ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿ, "ನನಗ ಗೊತ್ತಿಲ್ಲ. ನಾಳೆ ತಿಳಕೊಂಡು ಬಂದು ಹೇಳತೇನಿ" ಎಂದೆ. ಗಂಟೆ ಹೊಡೆಯಿತು.

ಹೊರಗೆ ಬಂದಾಗ ಕಣ್ಣು ತುಂಬಿತ್ತು. ಸರ್ ಪ್ಯಾಂಟಿನ ಧೂಳು ಝಾಡಿಸುತ್ತ ಬಂದರು. "ಅಳೂದ್ಯಾಕ? ನಾಳೆ ಅಂದೀಯಲ್ಲ? ನಾ ನಾಳೆನೂ ಬರತೇನಿ. ಬಸ್ಯಾ ಒಂದ್ ದಿನಾನೂ ಸಾಲಿ ತಪ್ಪಸಂಗಿಲ್ಲ."

ಮರುದಿನ ನಾನು ಪುಸ್ತಕ ತೆರೆಯಲಿಲ್ಲ. ಹಲಗೆ ಪ್ಲಸ್ ದಿಕ್ಕು, ಬಾಗಿಲು ಮೈನಸ್ ದಿಕ್ಕು ಎಂದೆ. ಮುಂದಕ್ಕೆ ನಡೆದರೆ ಪ್ಲಸ್, ಹಿಂದ್ಹಿಂದಕ್ಕೆ ನಡೆದರೆ ಮೈನಸ್. "ಈಗ ಬಾಗಿಲ ಕಡೆ ಮುಖ ಮಾಡಿ ಹಿಂದಕ್ಕ ನಡೀತೇನಿ. ಎರಡೂ ಮೈನಸ್. ಎಲ್ಲಿಗೆ ಹೋಗತೇನಿ ನೋಡ್ರಿ." ಮೂರು ಹೆಜ್ಜೆ ಹಾಕಿದೆ. ಮೇಜಿಗೆ ಬಡಿದು, ಡಸ್ಟರ್ ಬೀಳಿಸಿ, ಬೆನ್ನು ಹಲಗೆಗೆ ತಾಗಿ ನಿಂತೆ. "ಬೋರ್ಡಿಗೆ ರೀ! ಪ್ಲಸ್ ರೀ!" ಎಂದು ಮಕ್ಕಳು ಛಾವಣಿ ಹಾರುವಂತೆ ಕೂಗಿದರು. ಎಲ್ಲರಿಗೂ ನಡೆದು ನೋಡಬೇಕಾಯಿತು. ಬಸ್ಯಾನಿಗೂ. ಅವನು ಹಲಗೆಗೆ ಮುಖ ಮಾಡಿ ಹಿಂದ್ಹಿಂದಕ್ಕೆ ನಡೆಯುತ್ತ ಹೋದ. ಏನು ಗದ್ದಲವೆಂದು ನೋಡಲು ಬಂದು ಬಾಗಿಲಲ್ಲಿ ನಿಂತಿದ್ದ ಮುಖ್ಯೋಪಾಧ್ಯಾಯರ ಕಾಲು ತುಳಿದ. "ಮೈನಸ್ ರೀ!" ಎಂದು ಕೂಗಿಯೇ ಬಿಟ್ಟ.

ಅಂದು ವಾಪಸು ಬರುವ ಬಸ್ಸಿನಲ್ಲಿ ಸರ್ ನನಗೆ ಶಾಭಾಸ್ ಅನ್ನಲಿಲ್ಲ. ಕಿಟಕಿಯಾಚೆ ನೋಡುತ್ತ, "ಹೆಡ್ ಮಾಸ್ತರ ಕಾಲು ಬಾತಿರಬೇಕು" ಎಂದು ಒಮ್ಮೆ ನಕ್ಕರು. ಅದೇ ಶಾಭಾಸ್ ಎಂದು ತಿಳಿದುಕೊಂಡೆ.

ಓದು ಮುಗಿದ ಮೇಲೆ ಇಳಕಲ್ಲಿನ ಶಾಲೆಗೆ ಸೇರಿದೆ. ಶರತ್ತಿನ ಮೂರು ವರ್ಷ ಯಾವಾಗ ಮುಗಿಯಿತೋ ನಾನು ಗಮನಿಸಲಿಲ್ಲ. ಸರ್ ನಿವೃತ್ತರಾದರು. ಆಗೀಗ ಫೋನಿನಲ್ಲಿ, "ಇವತ್ತ ಯಾವ ಹುಡುಗ ನಿನ್ನ ಬಾಯಿ ಮುಚ್ಚಿಸಿದ?" ಎಂದು ವಿಚಾರಿಸುತ್ತಿದ್ದರು. ಕಳೆದ ವರ್ಷ ಒಂದು ಶುಕ್ರವಾರ ಮಲ್ಲಪ್ಪನ ಮೆಸೇಜು ಬಂತು. ಸರ್ ನಿದ್ದೆಯಲ್ಲೇ ಹೋಗಿಬಿಟ್ಟಿದ್ದರು.

ನನಗೆ ವಿದ್ಯಾಗಿರಿಗೆ ಹೋಗಲು ಆದದ್ದು ರವಿವಾರ. ಅವರ ಹೆಂಡತಿ ನೀಲಮ್ಮನವರನ್ನು ನಾನು ಮೊದಲು ಕಂಡಿರಲಿಲ್ಲ. ಬಂದವರೆಲ್ಲ ಹೋದ ಮೇಲೆ ಅಡುಗೆಮನೆಗೆ ಕರೆದು ಚಹ ಕೊಟ್ಟರು. ಏನು ಮಾತಾಡಬೇಕೆಂದು ತಿಳಿಯದೆ, ಸರ್ ಪಾಠ ಮಾಡಿದರೆ ಎಷ್ಟು ಸಲೀಸಾಗಿರುತ್ತಿತ್ತು ಎಂದೆ. ಅವರು ನಕ್ಕುಬಿಟ್ಟರು.

"ಸಲೀಸೇನವಾ? ಭಾಳ ಅಂಜೋರು. ದಿನಾ ಮುಂಜಾನೆ ನಾ ರೊಟ್ಟಿ ಬಡಿಯೂಮುಂದ ಇಲ್ಲೇ ನಿಂತು, ಅವತ್ತಿನ ಪಾಠ ನನಗ ಹೇಳೋರು. ನಾ ನಾಲ್ಕನೇತ್ತ ತನಕ ಸಾಲಿ ಕಲ್ತಾಕಿ. ನನಗ ತಿಳೀತು ಅಂದ ಮ್ಯಾಲೇನ ಚಪ್ಪಲಿ ಮೆಟ್ಟೋರು. ತಿಳೀಲಿಲ್ಲ ಅಂದ್ರ ಮತ್ತ ಮೊದಲಿಂದ. ಎಷ್ಟು ರೊಟ್ಟಿ ಹೊತ್ತಿಸೇನಿ ಗೊತ್ತೇನು?"

ನಾನು ಚಹದ ಬಸಿ ಕೆಳಗಿಟ್ಟೆ. ಮೂವತ್ತು ವರ್ಷ, ದಿನವೂ, ಈ ಒಲೆಯ ಮುಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು:

"ನಾಳೆ ನಿಂದು ಏನು ಪಾಠ?"

"ಬೆಳಕಿಂದರಿ. ನೀರಾಗ ಹೋದ್ರ ಯಾಕ ಬಾಗತೈತಿ ಅಂತ."

"ಹೇಳು ನೋಡೂಣ."

ನಾನು ಗ್ಲಾಸಿಗೆ ನೀರು ಹಾಕಿ ಚಮಚ ಇಳಿಬಿಟ್ಟು, ಅದು ಮುರಿದಂತೆ ಕಾಣುವುದನ್ನು ತೋರಿಸಿ ಹೇಳತೊಡಗಿದೆ. ಅವರು ಕಣ್ಣು ಕಿರಿದು ಮಾಡಿ ಗ್ಲಾಸನ್ನು ನೋಡಿದರು, ನನ್ನನ್ನು ನೋಡಿದರು, ಪೂರ್ತಿ ಕೇಳಿಸಿಕೊಂಡರು.

"ತಿಳೀಲಿಲ್ಲ," ಅಂದರು. "ಇನ್ನೊಮ್ಮೆ ಹೇಳವಾ."

ಚಮಚ ಹೊರಗೆ ತೆಗೆದು, ಒರೆಸಿ, ನಾನು ಮೊದಲಿನಿಂದ ಶುರು ಮಾಡಿದೆ.