ಜಾಗ ಮಾತ್ರ ನಾನು ಹೇಳಿದ್ದು

ಚೌಕಾಸಿಗೆ ಕೂತರೆ ನಮ್ಮತ್ತೆಯ ಬಲಗಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು. ಅದನ್ನು ಕಂಡರೆ ನಿಟ್ಟೂರಿನ ನಮ್ಮ ಮನೆಗೆ ಬರುವ ಮೀನಿನವನಿಗೆ ನಡುಕ. “ನಿಮ್ಮತ್ರ ವ್ಯಾಪಾರ ಮಾಡಿದ್ರೆ ಮೀನಿನ ಜೊತೆ ಬುಟ್ಟೀನೂ ಬಿಟ್ಟು ಹೋಗ್ಬೇಕು ಮಾರಾಯ್ತಿ” ಎನ್ನುತ್ತಿದ್ದ.

ಇವತ್ತು ಸಾಗರದ ಪೇಟೆಯಲ್ಲಿ ಹಳೆ ಪಾತ್ರೆಗೆ ಹೊಸದು ಕೊಡುವ ಅಂಗಡಿ ನನ್ನದು. ಸ್ವಂತ ಬುದ್ಧಿಯಿಂದ ಮೇಲೆ ಬಂದವಳು ಅನ್ನುತ್ತಾರೆ ಜನ. ಅರ್ಧ ಸುಳ್ಳು. ಬೇಕಾದ್ದು ಒಂದನ್ನು ಗಟ್ಟಿ ಹಿಡಿದು ಉಳಿದದ್ದನ್ನೆಲ್ಲ ನಗುತ್ತ ಬಿಟ್ಟುಕೊಡು ಎಂಬ ಪಾಠ ಅತ್ತೆಯದು. ಅದನ್ನು ನಾನು ಕಣ್ಣಾರೆ ಕಂಡದ್ದು ನನ್ನ ಚೊಚ್ಚಲ ಬಸಿರಿನಲ್ಲಿ.

ಮೊದಲ ಹೆರಿಗೆ ತವರಲ್ಲೇ ಎಂಬುದು ಪದ್ಧತಿ. ನನ್ನ ತವರು ಹಿನ್ನೀರಿನ ಆಚೆ ದಡದ ತುಮರಿ. ಆಗ ಸೇತುವೆ ಇರಲಿಲ್ಲ. ಸಂಜೆ ಲಾಂಚು ನಿಂತರೆ ಆಚೆ ಇದ್ದವರು ಆಚೆಯೇ. ಕರೆದೊಯ್ಯಲು ಬಂದ ಅಮ್ಮನೆದುರು ಅತ್ತೆಯ ಬಲಗಣ್ಣು ಅರ್ಧ ಮುಚ್ಚಿತು.

“ಬಾಣಂತನ ನಿಮ್ದೇ. ಎಣ್ಣೆ-ನೀರು ನಿಮ್ದೇ. ಕೂಸಿಗೆ ನಿಮ್ಮನೆ ಹೆಸ್ರೇ ಇಡಿ. ಜಾಗ ಮಾತ್ರ ನಾನು ಹೇಳಿದ್ದು. ಸಾಗರದಲ್ಲಿ, ಆಸ್ಪತ್ರೆ ಪಕ್ಕ ಒಂದು ರೂಮು.”

“ಬಾಡಿಗೆ ರೂಮಲ್ಲಿ ಬಾಣಂತನವಾ? ಊರೋರು ಎಂತ ಹೇಳ್ತಾರೆ ಬೀಗ್ತೀ?”

“ನನ್ ತವರೂ ಆಚೆ ದಡವೇ. ಮೊದ್ಲ ಕೂಸು ದಿನ ತುಂಬಿ ಹೊಟ್ಟೇಲೇ ಹೋಯ್ತು, ನಾನು ಬೆಳಗಿನ ಲಾಂಚಿಗೆ ಕಾಯ್ತಾ ಕೂತಿದ್ದೆ. ಆವತ್ತು ಊರೋರು ಯಾರೂ ಎಂತದೂ ಹೇಳ್ಲಿಲ್ಲ.”

ಅಮ್ಮ ಒಪ್ಪಿದಳು.

ರೂಮಿನಲ್ಲಿ ಊಟವಾದ ಮೇಲೆ ನನ್ನನ್ನು ಎಡಮಗ್ಗುಲಿಗೆ ಮಲಗಿಸಿ ಅತ್ತೆ ದಿನಾ ಕೇಳುತ್ತಿದ್ದರು: “ಕೂಸು ಆಡ್ತಾ ಇದ್ಯಾ?” ಒಂದು ಬೆಳಿಗ್ಗೆ ನಾನೇ ಹೇಳಿದೆ, ಎದ್ದಾಗಿನಿಂದ ಮಿಸುಕಿಲ್ಲ ಎಂದು.

“ದಿನ ಹತ್ರ ಬಂದ್ಮೇಲೆ ಸುಮ್ನಾಗ್ತದೆ. ಒಂದು ಲೋಟ ಕಷಾಯ ಕುಡಿದು ನೋಡು” ಎಂದಳು ಅಮ್ಮ.

ಅತ್ತೆ ಆಗಲೇ ಚಪ್ಪಲಿ ಮೆಟ್ಟಿದ್ದರು. “ಕಷಾಯ ನೀವು ಕುಡೀರಿ. ಏಳೇ.”

ಆಸ್ಪತ್ರೆಯಲ್ಲಿ ಸಾಲು ತೋರಿಸಿದರು. ಅತ್ತೆ ಅಲ್ಲಿ ಚೌಕಾಸಿ ಮಾಡಲಿಲ್ಲ. ನರ್ಸಿನ ಕೈ ಹಿಡಿದು “ಕೂಸು ಆಡ್ತಿಲ್ಲ” ಎಂದರು, ಅಷ್ಟೇ. ಕೈ ಬಿಡಲಿಲ್ಲ. ಪರೀಕ್ಷೆ ಮಾಡಿದವರೇ ಓಡಾಡತೊಡಗಿದರು. ಆಪರೇಷನ್ ಆಯಿತು. ಮಗಳು ಅತ್ತದ್ದು ತುಸು ತಡವಾಗಿ, ಆದರೆ ಅತ್ತಳು.

ಅಮ್ಮ ಕಣ್ಣೊರೆಸಿಕೊಂಡು, “ನಿಮ್ ಹೆಸ್ರೇ ಇಡ್ತೀವಿ ಬೀಗ್ತೀ” ಎಂದಳು.

“ಬ್ಯಾಡ. ಮಾತು ಆಗಿದೆ, ನಿಮ್ಮನೆ ಹೆಸ್ರೇ” ಎಂದರು ಅತ್ತೆ. ಒಪ್ಪಂದ ಅಂದರೆ ಒಪ್ಪಂದ!

ಸೇತುವೆಯಾದ ಮೇಲೆ ಅವರನ್ನು ಅದರ ಮೇಲೆ ಕರೆದೊಯ್ದೆ. “ಇನ್ನು ಹೆದರಿಕೆ ಇಲ್ಲ ಅತ್ತೆ” ಎಂದೆ. ಬಲಗಣ್ಣು ಅರ್ಧ ಮುಚ್ಚಿತು. “ಸೇತುವೆ ಬಂದು ಬಾಗಿಲು ಬಡಿಯಲ್ಲ ಕಣೇ. ಮನೆಯೋರು ಏಳ್ಬೇಕು.” ಆ ಮಳೆಗಾಲ ಮುಗಿಯುವಷ್ಟರಲ್ಲಿ ಅತ್ತೆ ಹೋದರು.

ಅಂಗಡಿಗೆ ಬಸುರಿ ಬಂದರೆ ಪಾತ್ರೆ ತೂಗುವ ಮೊದಲು ನಾನು ಕೇಳುವುದು ಅತ್ತೆಯ ಪ್ರಶ್ನೆಯನ್ನೇ. ದರದಲ್ಲಿ ಎಷ್ಟು ಬೇಕಾದರೂ ಜಗ್ಗಾಡಲಿ, ನಾನೂ ಜಗ್ಗುತ್ತೇನೆ. ಆ ಪ್ರಶ್ನೆಗೆ ಉತ್ತರ ಕೊಡದೆ ಮಾತ್ರ ಯಾರೂ ನನ್ನ ಮೆಟ್ಟಿಲು ಇಳಿಯುವಂತಿಲ್ಲ.